ಹಳೇ ಪ್ಯಾಟಿಯ ಚಿಂತೆ ಹೊತ್ತು ಕೊಪ್ಪಳ ಸೀಮೆಯಲ್ಲಿ

ನಮ್ಮದು ರಾಯಚೂರು ಜಿಲ್ಲೆಯ ಒಂದು ಸಣ್ಣ ಪಟ್ಟಣ. ಅಗಸಿಯಿಂದ ಚಾವಡಿಯವರೆಗೆ ಇರುವ ಬಾಜಾರದ ಬೀದಿಯನ್ನು ಊರವರು ಇಂದಿಗೂ ಹಳೇ ಪ್ಯಾಟಿ ಎಂದೇ ಕರೆಯುತ್ತಾರೆ. ಬಸ್ ನಿಲ್ದಾಣ ಊರಾಚೆಗೆ ಹೋದ ಮೇಲೆ, ಹೆದ್ದಾರಿಯೂ ಊರನ್ನು ಬಳಸಿಕೊಂಡು ಹಾಯತೊಡಗಿದ ಮೇಲೆ, ಈ ಬೀದಿಯ ವ್ಯಾಪಾರ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ. ಮಾಳಿಗೆ ಮನೆಗಳ ಮುಂದಿನ ಅಂಗಡಿಗಳಲ್ಲಿ ಕೆಲವು ಗೋದಾಮುಗಳಾಗಿವೆ, ಕೆಲವಕ್ಕೆ ಕೀಲಿ ಬಿದ್ದಿದೆ. ಬೀದಿಗೆ ಹೊಸ ಫರಸಿ ಹಾಸಿ, ದೀಪದ ಕಂಬ ನಿಲ್ಲಿಸಿ, ಗೋಡೆಗಳಿಗೆ ಬಣ್ಣ ಬಳಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತು ವ್ಯಾಪಾರಸ್ಥರ ಸಭೆಯಲ್ಲಿ ಬಂದಾಗ, ನಿವೃತ್ತ ಮಾಸ್ತರೊಬ್ಬರು, ಬೇರೆ ಊರಿನವರು ಕೂಡಿ ಏನು ಮಾಡಿದ್ದಾರೆ ಎಂಬುದನ್ನು ಮೊದಲು ಕಣ್ಣಾರೆ ನೋಡಿ ಬರೋಣ ಎಂದರು. ದೂರದ ಊರುಗಳಿಗೆ ಹೋಗುವಷ್ಟು ದುಡ್ಡೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಪಕ್ಕದ ಕೊಪ್ಪಳ ಜಿಲ್ಲೆ ಸಾಕು ಎಂದು ತೀರ್ಮಾನವಾಯಿತು. ಮಾಸ್ತರು, ಕಿರಾಣಿ ಅಂಗಡಿಯ ಸಾವಕಾರರು, ಮಹಿಳಾ ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ ಹೊಲಿಗೆ ಅಂಗಡಿಯ ಅಕ್ಕ ಮತ್ತು ಅದೇ ಬೀದಿಯಲ್ಲಿ ಝೆರಾಕ್ಸ್ ಹಾಗೂ ಮುದ್ರಣದ ಅಂಗಡಿ ಇಟ್ಟುಕೊಂಡಿರುವ ನಾನು, ಸಾವಕಾರರ ಹಳೆಯ ಜೀಪಿನಲ್ಲಿ ಹೊರಟೆವು.

ಗುರುವಾರ, ಕೊಪ್ಪಳ

ಕೊಪ್ಪಳ 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಗಳೆಲ್ಲ ಹೊರವಲಯಕ್ಕೆ ಹೋಗಿದ್ದರೂ ಜವಾಹರ ರಸ್ತೆಯ ಬಾಜಾರ ಬತ್ತಿಲ್ಲ. ಗಡಿಯಾರ ಕಂಬದ ಸುತ್ತ ಬೆಳಿಗ್ಗೆಯೇ ಅಡ್ಡಾಡಲು ತೊಡಗಿದೆವು. ಅಂಗಡಿಗಳ ಬಾಗಿಲು ಇನ್ನೂ ಅರ್ಧಂಬರ್ಧ ತೆರೆದಿದ್ದವು. ಅರಿವೆ ಅಂಗಡಿಯೊಂದರ ಕಟ್ಟೆಯ ಮೇಲೆ ಹೂ ಮಾರುವ ಹೆಣ್ಣುಮಗಳು ಕೂತಿದ್ದಳು. ಅಂಗಡಿಯವರು ಬಂದು ಶಟರ್ ಎತ್ತಿದ ಕೂಡಲೇ ಆಕೆ ತನ್ನ ಬುಟ್ಟಿಯನ್ನು ತಾನಾಗಿಯೇ ಮೆಟ್ಟಿಲ ಬದಿಗೆ ಸರಿಸಿಕೊಂಡಳು. ಅಂಗಡಿಯವರು ಒಳಗಿನಿಂದ ಆಕೆಯ ಛತ್ರಿಯನ್ನೂ ಪ್ಲಾಸ್ಟಿಕ್ ಕೊಡವನ್ನೂ ತಂದುಕೊಟ್ಟರು, ಏಕೆಂದರೆ ರಾತ್ರಿ ಅವೆರಡೂ ಅಂಗಡಿಯೊಳಗೇ ಇರುತ್ತವೆ. ಅಕ್ಕ ಅವರನ್ನು ಮಾತಿಗೆಳೆದಾಗ ಅಂಗಡಿಯವರು, “ಹೂವು ಒಯ್ಯಾಕ ಬಂದವರು ಅರಿವಿನೂ ನೋಡ್ತಾರ್ರಿ, ಆಕಿ ಕುಂತ್ರ ನಮಗೇನು ಲುಕ್ಸಾನ ಇಲ್ಲ” ಎಂದು ನಕ್ಕರು. ಯಾರೂ ಬರೆದುಕೊಡದ, ಬಾಡಿಗೆಯ ಚೀಟಿಯಿಲ್ಲದ ಈ ಒಪ್ಪಂದವನ್ನು ನಮ್ಮ ಸಾವಕಾರರು ಸ್ವಲ್ಪ ಹೊತ್ತು ನಿಂತು ನೋಡಿದರು. ಅವರ ಅಂಗಡಿಯ ಕಟ್ಟೆಯ ಮೇಲೆ ಯಾರೂ ಕೂಡಬಾರದೆಂದು ಹೋದ ವರ್ಷವಷ್ಟೇ ಕಬ್ಬಿಣದ ಸರಳು ಹಾಕಿಸಿದ್ದರು.

ಇದರರ್ಥ ಜವಾಹರ ರಸ್ತೆಯಲ್ಲಿ ತಕರಾರೇ ಇಲ್ಲ ಎಂದಲ್ಲ. ಹಣ್ಣಿನ ಬಂಡಿಗಳ ನಡುವೆ ಸ್ಕೂಟರು ನುಗ್ಗಿಸುವವರ ಬೈಗುಳ ನಮಗೂ ಕೇಳಿಸಿತು. ಮಧ್ಯಾಹ್ನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತ ಮಾಸ್ತರು ಬೀದಿ ವ್ಯಾಪಾರಿಗಳ 2014ರ ಕೇಂದ್ರ ಕಾಯ್ದೆಯನ್ನು ನಮಗೆ ಪಾಠದಂತೆ ಒಪ್ಪಿಸಿದರು. ಪ್ರತಿ ಪಟ್ಟಣಕ್ಕೂ ಒಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಹೆಂಗಸರಾಗಿರಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ನಮ್ಮೂರಲ್ಲಿ ಇಂಥ ಸಮಿತಿಯ ಸಭೆ ನಡೆದದ್ದನ್ನು ನಾವು ಯಾರೂ ಕಂಡಿಲ್ಲ. ಹಳೇ ಪ್ಯಾಟಿಯ ಕಾಯಿಪಲ್ಲೆಯವರನ್ನು ಎರಡು ಸಲ ಎಬ್ಬಿಸಿದ್ದನ್ನು ಮಾತ್ರ ಕಂಡಿದ್ದೇವೆ. ಎರಡನೆಯ ಸಲ ಎಬ್ಬಿಸಿದ ಮೇಲೆ ಗಿರಾಕಿಗಳೂ ಅವರ ಹಿಂದೆಯೇ ಹೊಸ ಬಸ್ ನಿಲ್ದಾಣದ ಕಡೆಗೆ ಹೋದರು ಎಂಬುದು ಅಕ್ಕನ ವಾದ. ಸಾವಕಾರರು ಅದನ್ನು ಪೂರ್ತಿ ಒಪ್ಪಲಿಲ್ಲ, ಆದರೆ ಎಂದಿನಂತೆ ದನಿ ಏರಿಸಲೂ ಇಲ್ಲ.

ಸಂಜೆ ಗವಿಮಠಕ್ಕೆ ಹೋದೆವು. ಬೆಟ್ಟದ ಮೇಲಿನ ಅಶೋಕನ ಶಾಸನವನ್ನು ನೋಡಬೇಕೆಂಬುದು ಮಾಸ್ತರ ಬಹುದಿನದ ಆಸೆಯಾಗಿತ್ತು. ನನಗೆ ಕುತೂಹಲವಿದ್ದದ್ದು ದಾಸೋಹದ ವ್ಯವಸ್ಥೆಯಲ್ಲಿ. ಪುಷ್ಯ ಮಾಸದಲ್ಲಿ ನಡೆಯುವ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಬಂದವರಿಗೆಲ್ಲ ಊಟವಿರುತ್ತದೆ. ಆ ಊಟದ ರೊಟ್ಟಿ ಯಾವ ಗುತ್ತಿಗೆದಾರನಿಂದಲೂ ಬರುವುದಿಲ್ಲ. ಸುತ್ತಲಿನ ಹಳ್ಳಿಗಳ ಹೆಂಗಸರು ವಾರಗಟ್ಟಲೆ ಮೊದಲೇ ಬಡಿದು, ಸುಟ್ಟು, ಒಣಗಿಸಿ ಕಟಕಾಗಿಸಿದ ಜೋಳದ ರೊಟ್ಟಿಗಳನ್ನು ಟ್ರ್ಯಾಕ್ಟರುಗಳಲ್ಲಿ, ಚಕ್ಕಡಿಗಳಲ್ಲಿ ಮೆರವಣಿಗೆಯಿಂದ ತರುತ್ತಾರೆ. ಕೆಲವರು ಮಾದಲಿ ತರುತ್ತಾರೆ, ಕೆಲವರು ದವಸ, ಕೆಲವರು ಕಟ್ಟಿಗೆ. ಕಟಕ್ ರೊಟ್ಟಿ ಕೆಡುವುದಿಲ್ಲವಾದ್ದರಿಂದ ಒಂದೊಂದು ಊರು ತನ್ನ ಅನುಕೂಲದ ದಿನ ತಂದೊಪ್ಪಿಸಿದರೂ ನಡೆಯುತ್ತದೆ. ಅಡುಗೆಮನೆಯಲ್ಲಿ ಸೇವೆ ಮಾಡುತ್ತಿದ್ದ ಹಿರಿಯರೊಬ್ಬರು, ಯಾರಿಗೂ ಇಷ್ಟೇ ಕೊಡಬೇಕೆಂದು ಹೇಳುವುದಿಲ್ಲ, ಯಾರ ಮನೆಯಲ್ಲಿ ಏನು ಬರುತ್ತದೋ ಅದನ್ನೇ ಕೇಳುತ್ತೇವೆ ಎಂದರು. ಇದೇ ಮಠದ ಈಗಿನ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು 2019ರಲ್ಲಿ ಮುಂದೆ ನಿಂತು, ಮುಳ್ಳುಜಾಲಿ ಮತ್ತು ಹೂಳು ತುಂಬಿದ್ದ ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಜನರ ದುಡಿಮೆ ಮತ್ತು ದೇಣಿಗೆಯಿಂದ ಸ್ವಚ್ಛ ಮಾಡಿಸಿದ್ದನ್ನು ಈ ಭಾಗದವರೆಲ್ಲ ಬಲ್ಲರು.

“ನಮ್ಮೂರಾಗ ಅಂಥ ಅಜ್ಜಾರಿಲ್ಲಲ್ಲರಿ” ಎಂದು ಮೆಟ್ಟಿಲಿಳಿಯುವಾಗ ಸಾವಕಾರರು ಹೇಳಿದ ಮಾತು ನಿಜವೇ. ಒಬ್ಬರ ಮಾತಿಗೆ ಊರೆಲ್ಲ ಏಳುವ ಭಾಗ್ಯ ಎಲ್ಲ ಊರಿಗೂ ಇರುವುದಿಲ್ಲ. ಆದರೆ ಮನೆಮನೆಯಿಂದ ಬರುವುದನ್ನೇ ಕೇಳುವ ಆ ಕ್ರಮಕ್ಕೆ ಮಠವೇ ಬೇಕೆಂದೇನಿಲ್ಲ ಎಂದು ನನಗೆ ಅನ್ನಿಸಿತು.

ಶುಕ್ರವಾರ, ಕಿನ್ನಾಳ

ಬೆಳಿಗ್ಗೆ ರೈಲು ಹಳಿ ದಾಟಿ ಭಾಗ್ಯನಗರದ ಒಳಗಿಂದ ಒಂದು ಸುತ್ತು ಹಾಕಿದೆವು. ನೇಕಾರಿಕೆಯ ಊರು ಅದು. ಅದರ ಜೊತೆಗೆ ಮನುಷ್ಯರ ಕೂದಲನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ಕಸುಬು ಅಲ್ಲಿ ಬೆಳೆದು ನಿಂತಿದೆ. ಮನೆಯ ಪಡಸಾಲೆಯಲ್ಲೇ ಕೂತು ಹೆಂಗಸರು ಕೂದಲು ಬಿಡಿಸುತ್ತಿದ್ದರು. ಬೀದಿ ಜೀವಂತವಾಗಿತ್ತು, ಆದರೆ ಅಲ್ಲಿ ಕೊಳ್ಳುವವರಿಗಾಗಿ ತೆರೆದದ್ದು ಏನೂ ಇರಲಿಲ್ಲ. ನಮಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ.

ಕಿನ್ನಾಳದಲ್ಲಿ ಇಡೀ ದಿನ ಕಳೆಯಿತು. ಚಿತ್ರಗಾರರ ಓಣಿಯಲ್ಲಿ ಬಾಗಿಲ ಮುಂದೆ ಬಿಸಿಲಿಗೆ ಒಣಗಲಿಟ್ಟ ಬೊಂಬೆಗಳ ರುಂಡಗಳನ್ನು ನೋಡಿದರಷ್ಟೇ ಇದು ಆ ಪ್ರಸಿದ್ಧ ಊರೆಂದು ತಿಳಿಯುತ್ತದೆ. ವಯಸ್ಸಾದ ಕಲಾವಿದರೊಬ್ಬರು ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದರು. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳು ಮತ್ತು ಅಲ್ಲಿಯ ಮರದ ತೇರಿನ ಕೆತ್ತನೆ ತಮ್ಮ ಪೂರ್ವಿಕರ ಕೈಯವು ಎಂಬ ನಂಬಿಕೆ ಈ ಮನೆತನಗಳಲ್ಲಿದೆ. ಕೆಲಸ ಹೇಗೆ ನಡೆಯುತ್ತದೆ ಎಂದು ಕೇಳಿದಾಗ ಅವರು ಬಾಯಿಂದ ಹೇಳುವ ಬದಲು ಎದ್ದುಹೋಗಿ ಒಂದು ಬೋಗುಣಿಯನ್ನೇ ತಂದಿಟ್ಟರು. ಅದರಲ್ಲಿ ಕಿಟ್ಟ ಇತ್ತು. ಗೋಣಿಯ ಚಿಂದಿಯನ್ನು ನೆನೆಹಾಕಿ, ಎಳೆಎಳೆಯಾಗಿ ಹರಿದು, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಕಟ್ಟಿಗೆಯ ಹೊಟ್ಟು ಮತ್ತು ಹುಣಸೆಬೀಜದ ಅಂಟನ್ನು ಸೇರಿಸಿ ನಾದಿದ ಮುದ್ದೆ ಅದು. ಹಗುರ ಕಟ್ಟಿಗೆಯಲ್ಲಿ ಕೈ, ಕಾಲು, ಮೈ ಬೇರೆಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮೇಲೆ ಈ ಕಿಟ್ಟವನ್ನು ಕೈಯಿಂದ ಸವರುತ್ತಾರೆ. ಅದರ ಮೇಲೆ ಅರಿವೆಯ ಸಣ್ಣ ತುಂಡುಗಳನ್ನು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಹಾಕುತ್ತಾರೆ. ಬೊಂಬೆಯ ಕೊರಳಿನ ಸರ, ಕಿವಿಯ ಓಲೆ ಕೆತ್ತಿದವಲ್ಲ. ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ, ಉಬ್ಬು ಬರುವಂತೆ ಎಳೆದವು. ಅಕ್ಕ ಬೆರಳಿನಿಂದ ಗರುಡನ ಎದೆಯ ಹಾರವನ್ನು ಮುಟ್ಟಿ ನೋಡಿದಾಗ ಅದು ಮರದ ಕೆತ್ತನೆಯಲ್ಲವೆಂದು ಅವಳಿಗೆ ನಂಬಿಕೆಯೇ ಬರಲಿಲ್ಲ.

“ಒಬ್ಬನ ಕೈಯಾಗ ಮೂರ್ತಿ ಆಗಂಗಿಲ್ರಿ. ಬೀಜ ಹುರದು ಬೀಸವರು ಹೆಣಮಕ್ಕಳು, ಬಣ್ಣದಾಗನೂ ಅವರದ ಕೈ. ಆದ್ರ ಹೆಸರು ಬರೋದು ಕಣ್ಣು ಬರದಾವನಿಗೆ” ಎಂದರು ಅವರು. ಕಿನ್ನಾಳದ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ರಾಜ್ಯದ ಕರಕುಶಲ ಮಳಿಗೆಗಳಲ್ಲಿ ಅವು ಮಾರಾಟವಾಗುತ್ತವೆ. ಆದರೂ ನಮ್ಮ ಸಾವಕಾರರು ವ್ಯಾಪಾರಿಯ ಕಣ್ಣಿನಿಂದ ನೋಡಿ ಒಂದು ಮಾತು ಹೇಳಿದರು. ಊರ ಮುಖ್ಯ ಬೀದಿಯಲ್ಲಿ ಕಿರಾಣಿ, ಮೊಬೈಲ್ ರಿಪೇರಿ, ಚಹಾದ ಅಂಗಡಿಗಳಿವೆ, ಆದರೆ ಕಿನ್ನಾಳದ ಬೊಂಬೆ ನಮ್ಮ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ. ಕೊಳ್ಳುವವರು ಫೋನಿನಲ್ಲಿ ಹೇಳುತ್ತಾರೆ, ಮನೆಗೆ ಬಂದು ಒಯ್ಯುತ್ತಾರೆ, ಅವರು ಊರಲ್ಲಿ ಒಂದು ಕಪ್ ಚಹಾ ಕುಡಿಯುವಷ್ಟೂ ನಿಲ್ಲುವುದಿಲ್ಲ. ಕಸುಬಿನಿಂದ ಮನೆಗಳು ಬದುಕಿವೆ, ಬೀದಿಗೆ ಅದರ ಪಾಲು ಸಿಕ್ಕಿಲ್ಲ.

ನಾನು ಇದನ್ನು ಕಲಾವಿದರಿಗೆ ಅಂಜುತ್ತಲೇ ಹೇಳಿದೆ. ಅವರು ಬೇಸರಪಡಲಿಲ್ಲ. ಬೀದಿಯಲ್ಲಿ ಒಂದು ಮಳಿಗೆ ಎಲ್ಲ ಮನೆತನದವರೂ ಕೂಡಿ ಹಾಕಬೇಕೆಂಬ ಮಾತು ಅವರ ಓಣಿಯಲ್ಲೂ ಬಂದದ್ದುಂಟು, ಯಾರ ಬೊಂಬೆ ಮುಂದೆ ಇಡಬೇಕು, ಕೂತು ಮಾರುವವರು ಯಾರು, ಮಾರಿದವನ ಕೂಲಿ ಯಾರು ಕೊಡಬೇಕು ಎಂಬಲ್ಲಿಗೆ ಅದು ನಿಲ್ಲುತ್ತದಂತೆ. ಮಾಸ್ತರು ಈ ಮೂರು ಪ್ರಶ್ನೆಗಳನ್ನು ತಮ್ಮ ವಹಿಯಲ್ಲಿ ಬರೆದುಕೊಂಡರು. ಹಳೇ ಪ್ಯಾಟಿಗೆ ಕೂಡ ಇವೇ ಪ್ರಶ್ನೆಗಳು, ಬೊಂಬೆಯ ಜಾಗದಲ್ಲಿ ಬೇರೆ ಸರಕು ಇರುತ್ತದೆ, ಅಷ್ಟೇ.

ಶನಿವಾರ, ಇಟಗಿ, ಕುಕನೂರು

ಗದಗ ರಸ್ತೆ ಹಿಡಿದು ಭಾನಾಪುರದ ಹತ್ತಿರ ಬಂದಾಗ, ಸುಮಾರು 400 ಎಕರೆಯಲ್ಲಿ ಎದ್ದಿರುವ ಆಟಿಕೆ ಕಾರ್ಖಾನೆಗಳ ಸಂಕೀರ್ಣದ ಉದ್ದನೆಯ ಬೇಲಿ ಕಂಡಿತು. ಹಿಂದಿನ ದಿನ ಕಿಟ್ಟದ ಬೋಗುಣಿ ನೋಡಿದ್ದ ನಮಗೆ, ಒಂದೇ ಜಿಲ್ಲೆಯಲ್ಲಿ ಬೊಂಬೆಯ ಹೆಸರಿನಲ್ಲಿ ಇಂಥ ಎರಡು ಲೋಕಗಳಿರುವುದು ವಿಚಿತ್ರವೆನಿಸಿತು. ಕಾರ್ಖಾನೆ ಬೇಡ ಎನ್ನುವವರಲ್ಲಿ ನಾನಿಲ್ಲ. ಅಲ್ಲಿಯ ಸಂಬಳ ಸುತ್ತಲಿನ ಹಳ್ಳಿಗಳ ಕಿರಾಣಿ ಅಂಗಡಿಗಳಿಗೇ ಬರುತ್ತದೆ ಎಂದು ಸಾವಕಾರರು ಹೇಳಿದ್ದು ಸರಿಯಾಗಿಯೇ ಇತ್ತು.

ಇಟಗಿಯ ಮಹಾದೇವ ದೇವಾಲಯವನ್ನು ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ, ಮತ್ತು ಆ ಹೊಗಳಿಕೆ ಅತಿಯಾಗಿಲ್ಲ. ಪುಷ್ಕರಣಿಯ ಕಡೆಯಿಂದ ಬಿಸಿಲು ಬೀಳುವಾಗ ಕಂಬಗಳ ಕಡೆದ ಮೈ ಹೊಳೆಯುವುದನ್ನು ನೋಡುತ್ತ ಮಾಸ್ತರು ಊಟದ ಹೊತ್ತನ್ನೂ ಮರೆತರು. ನಮಗೆ ಊಟ ಬೇಕಾದಾಗ ಹತ್ತಿರದಲ್ಲಿ ಏನೂ ಸಿಗಲಿಲ್ಲ. ಕಾರುಗಳಲ್ಲಿ ಬಂದಿದ್ದ ಎರಡು ಮೂರು ಕುಟುಂಬಗಳವರು ಫೋಟೊ ತೆಗೆದುಕೊಂಡು, ತಂದಿದ್ದ ಬುತ್ತಿಯನ್ನೇ ಉಂಡು ಹೋದರು. ದೇವಾಲಯ ಸುಂದರವಾಗಿ ಕಾಯ್ದುಕೊಂಡಿದೆ, ಆದರೆ ಅದರ ಆವರಣಕ್ಕೂ ಊರಿಗೂ ಕೊಡುಕೊಳ್ಳುವ ಸಂಬಂಧ ಕಾಣಲಿಲ್ಲ.

ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯವಿದೆ, ಅದರ ಆವರಣದಲ್ಲಿ ಮಹಾಮಾಯೆಯ ಗುಡಿಯಿದೆ. ಇಲ್ಲಿ ಪೂಜೆ ನಡೆಯುತ್ತದೆ, ಮದುವೆಯ ಹೊಸ ಜೋಡಿಗಳು ಬರುತ್ತವೆ, ಆದ್ದರಿಂದ ಕಾಯಿ, ಕರ್ಪೂರ, ಬಳೆ, ಮಿರ್ಚಿ ಮಂಡಕ್ಕಿಯವರೂ ಇದ್ದರು. ಒಂದು ಪ್ಲೇಟು ಮಿರ್ಚಿ ಮುಗಿಸಿ ಗಂಗಾವತಿಯ ದಾರಿ ಹಿಡಿದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಆ ಭತ್ತದ ನಾಡಿನ ಊರುಗಳಲ್ಲಿ ಬಾಜಾರವನ್ನು ಎಬ್ಬಿಸುವ ಚಿಂತೆಯೇ ಯಾರಿಗೂ ಇದ್ದಂತೆ ತೋರಲಿಲ್ಲ. ಅಕ್ಕಿ ಗಿರಣಿಗಳ ಸಾಲು ದಾಟಿ, ರಾತ್ರಿ ಗಂಗಾವತಿಯ ವಸತಿಗೃಹವೊಂದರಲ್ಲಿ ಉಳಿದೆವು. ಸೊಳ್ಳೆಗಳ ವಿಷಯ ಬರೆಯುವುದು ಬೇಡ.

ಭಾನುವಾರ, ಆನೆಗೊಂದಿ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಬಂಡೆಗುಡ್ಡಗಳು, ಅವುಗಳ ನಡುವೆ ಬಾಳೆತೋಟ ಮತ್ತು ಗದ್ದೆ. ಭಾನುವಾರವಾದ್ದರಿಂದ ಅಂಜನಾದ್ರಿಯ ಕಡೆಗೆ ಹೊರಟ ವಾಹನಗಳು ದಾರಿಯುದ್ದಕ್ಕೂ ಸಾಲುಗಟ್ಟಿದ್ದವು. ಬೆಟ್ಟದ 575 ಮೆಟ್ಟಿಲು ಹತ್ತಿ ಹನುಮಂತನ ದರ್ಶನ ಮಾಡುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ಬಹಳ ಹೆಚ್ಚಿದೆ. ಅವರಲ್ಲಿ ಆನೆಗೊಂದಿಯ ಊರೊಳಗೆ ತಿರುಗುವವರು ಎಷ್ಟು ಕಡಿಮೆ ಎಂಬುದು, ನಾವು ಅಗಸಿಯ ಒಳಗೆ ಕಾಲಿಟ್ಟಾಗ ಗೊತ್ತಾಯಿತು.

ನಾವು ನೋಡಬೇಕಾಗಿದ್ದದ್ದು ಆ ಒಳಗನ್ನೇ. ಗಗನ ಮಹಲ್ ಮತ್ತು ರಂಗನಾಥ ಗುಡಿಯ ನಡುವಿನ ಚೌಕದಲ್ಲಿ ತೇರು ನಿಂತಿತ್ತು. ಸುತ್ತ ಕಲ್ಲು, ಮಣ್ಣು, ಮರದ ಹಳೆಯ ಮನೆಗಳು, ಮುಂದೆ ಕಟ್ಟೆ, ಕಟ್ಟೆಯ ಮೇಲೆ ಹಿರಿಯರು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇದ್ದವು, ಅದಕ್ಕೆ ಕಾರಣ ಆನೆಗೊಂದಿಯ ಹತ್ತಿರ ಮತ್ತು ವಿರೂಪಾಪುರ ಗಡ್ಡಿಗೆ ಕಟ್ಟತೊಡಗಿದ್ದ ಸೇತುವೆಗಳು. 2002ರ ಕಾಯ್ದೆಯ ಮೇರೆಗೆ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಆನೆಗೊಂದಿಯೂ ಸೇರಿದ್ದರಿಂದ, ಇಲ್ಲಿ ಮನೆ ಕಟ್ಟಲು, ಎತ್ತರಿಸಲು ಅನುಮತಿ ಬೇಕು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಈ ನಿಯಮಗಳ ಬಗ್ಗೆ ಬಹಳ ಹೊತ್ತು ಗೊಣಗಿದರು. ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಗೆ ಹಾಕಿಸಲು ಎಷ್ಟು ಸಲ ಅಲೆದಾಡಬೇಕಾಯಿತೆಂಬ ಅವರ ಕಥೆಯನ್ನು ಕೇಳಿದವರಿಗೆ, ಹಳೆಯದನ್ನು ಉಳಿಸುವ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ನಿಯಮದಿಂದ ಮಾತ್ರ ಊರು ಉಳಿಯಲಿಲ್ಲ ಎಂಬುದಕ್ಕೆ ಇನ್ನೊಂದು ಕಡೆ ಸಾಕ್ಷಿ ಇತ್ತು. ಕಲಾವಿದೆ ಶಮಾ ಪವಾರ್ 1997ರಲ್ಲಿ ಇಲ್ಲಿ ಕಿಷ್ಕಿಂಧಾ ಟ್ರಸ್ಟನ್ನು ಆರಂಭಿಸಿದರು. ಹಳೆಯ ಮನೆಗಳನ್ನು ಕೆಡವದೆ, ಹಳೆಯ ಸಾಮಗ್ರಿಯಲ್ಲೇ ದುರಸ್ತಿ ಮಾಡಿ, ಕೆಲವನ್ನು ಬಂದವರು ತಂಗುವ ಮನೆಗಳನ್ನಾಗಿಸಿ, ಅಡುಗೆ, ತೋಟ, ದೇಖರೇಖಿಯ ಕೆಲಸವನ್ನು ಊರಿನವರಿಗೇ ಕೊಡುವುದು, ಜೊತೆಗೆ ಊರಲ್ಲೇ ಸಿಗುವ ವಸ್ತುವಿನಿಂದ ಒಂದು ಕಸುಬು ಬೆಳೆಸುವುದು ಅವರ ದಾರಿಯಾಗಿತ್ತು. ಆ ವಸ್ತು ಬಾಳೆಯ ನಾರು. ಬಾಳೆಗಿಡ ಒಂದೇ ಸಲ ಗೊನೆ ಬಿಡುತ್ತದೆ, ಗೊನೆ ಕಡಿದ ಮೇಲೆ ದಿಂಡನ್ನು ಕಡಿದು ಬದುವಿನ ಮೇಲೆ ಒಗೆಯುವುದು ಎಲ್ಲ ಕಡೆಯ ರೂಢಿ.

ನಾರಿನ ಕೆಲಸ ನಡೆಯುವ ಕಡೆ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಒಣಗಿದ ಬಾಳೆಪಟ್ಟೆ ಕಂದು, ಹಳದಿ, ಬೂದು, ಹೀಗೆ ಬೇರೆಬೇರೆ ಬಣ್ಣದಲ್ಲಿ ಮುಂದೆ ಬಿದ್ದಿತ್ತು. ಒಬ್ಬಾಕೆ ಪಟ್ಟೆಯನ್ನು ಉಗುರಿನಿಂದ ಸೀಳಿ, ಸ್ವಲ್ಪ ನೀರು ಚಿಮುಕಿಸಿ, ಎರಡು ಎಳೆಗಳನ್ನು ಅಂಗೈಗಳ ನಡುವೆ ಹೊಸೆಯುತ್ತ ಹೋದಂತೆ ಹಗ್ಗ ಆಕೆಯ ಮಡಿಲಲ್ಲಿ ಸುರುಳಿಯಾಗಿ ಇಳಿಯುತ್ತಿತ್ತು. ಎಳೆ ಮುಗಿಯುವ ಮೊದಲೇ ಹೊಸ ಎಳೆಯನ್ನು ಸೇರಿಸುವ ಜಾಗ ನನ್ನ ಕಣ್ಣಿಗೆ ಕಾಣಿಸಲೇ ಇಲ್ಲ. ಇನ್ನೊಬ್ಬಾಕೆ ಅಂಥ ಹಗ್ಗವನ್ನು ಕೊಕ್ಕೆಯ ಸೂಜಿಯಿಂದ ಹೆಣೆದು ಬುಟ್ಟಿಯ ತಳ ಎತ್ತುತ್ತಿದ್ದಳು. “ಮೊದಲ ಇದನ್ನ ತ್ವಾಟದಾಗ ಕಡದು ಒಗೀತಿದ್ವಿ ನೋಡ್ರಿ ಯಕ್ಕಾ. ಈಗ ಇದರ ರೊಕ್ಕದಾಗ ನನ್ನ ಮಗಳು ಗಂಗಾವತಿಗೆ ಕಾಲೇಜಿಗೆ ಹೋಗ್ತಾಳ” ಎಂದು ಆಕೆ ನಮ್ಮ ಅಕ್ಕನಿಗೆ ಹೇಳಿದಳು. ಲೆಕ್ಕದ ವಿಷಯ ಬಂದಾಗ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಬುಟ್ಟಿಯ ಲೆಕ್ಕದಲ್ಲಿ ಕೂಲಿಯೋ, ದಿನದ ಲೆಕ್ಕದಲ್ಲೋ, ಮಳೆಗಾಲದಲ್ಲಿ ಪಟ್ಟೆ ಒಣಗದಿದ್ದಾಗ ಏನು ಮಾಡುತ್ತೀರಿ, ಅಡುಗೆ ಮುಗಿಸಿ ಬರಲು ತಡವಾದರೆ ಯಾರಾದರೂ ಬೈಯುತ್ತಾರೆಯೇ ಎಂಬಂಥ ಪ್ರಶ್ನೆಗಳು ನಮಗೆ ಮೂವರು ಗಂಡಸರಿಗೆ ಹೊಳೆಯುತ್ತಲೂ ಇರಲಿಲ್ಲ. ಮನೆಗೆಲಸದ ಹೊತ್ತು ನೋಡಿಕೊಂಡು ಬರಬಹುದು ಎಂಬ ಒಂದೇ ಕಾರಣಕ್ಕೆ ತಾನು ಇಲ್ಲಿ ಉಳಿದಿದ್ದೇನೆ ಎಂದು ಆಕೆ ಹೇಳಿದ್ದನ್ನು ಅಕ್ಕ ಮತ್ತೆ ಮತ್ತೆ ನೆನಪಿಸುತ್ತಿದ್ದಳು.

ಆನೆಗೊಂದಿಯನ್ನು ಹೊಗಳಿ ಮುಗಿಸುವುದು ಸುಲಭ. ಆದರೆ ಹುಚ್ಚಪ್ಪಯ್ಯನ ಮಠದ ಕಡೆಗೆ ನಡೆದು ಹೋಗುವಾಗ ಸಿಮೆಂಟಿನ ಹೊಸ ಮನೆಗಳೂ ಕಂಡವು, ಕುಸಿದ ಹಳೆಯ ಮನೆಗಳೂ ಕಂಡವು. ದುರಸ್ತಿಯಾದ ಮನೆಗಳ ಬಾಡಿಗೆ ನಮ್ಮಂಥವರ ಕೈಗೆ ಎಟಕುವುದಲ್ಲ. ಊರಿನ ಬೀದಿಯಲ್ಲಿ ದೊಡ್ಡ ವ್ಯಾಪಾರವೇನೂ ನಡೆಯುತ್ತಿರಲಿಲ್ಲ. ಅಷ್ಟಾದರೂ ಸಂಜೆ ಚೌಕದಲ್ಲಿ ಮಕ್ಕಳು ಆಡುತ್ತಿದ್ದರು, ಕಟ್ಟೆಗಳ ಮೇಲೆ ಜನರಿದ್ದರು, ಮನೆಗಳ ಬಾಗಿಲು ತೆರೆದಿದ್ದವು. ಹಳೇ ಪ್ಯಾಟಿಯಲ್ಲಿ ಸಂಜೆ ಏಳಕ್ಕೆ ನಾನು ಅಂಗಡಿ ಮುಚ್ಚುವಾಗ ನನ್ನ ಎದುರು ಬದಿಯ ಮಾಳಿಗೆಗಳಲ್ಲಿ ಒಂದು ದೀಪವೂ ಇರುವುದಿಲ್ಲ, ಏಕೆಂದರೆ ಅಂಗಡಿಯ ಹಿಂದೆಯೇ ಇದ್ದ ಮನೆತನಗಳು ಹೊಸ ಬಡಾವಣೆಗೆ ಹೋಗಿವೆ. ಅಂಗಡಿ ಮಾತ್ರ ಉಳಿದ ಬೀದಿ ಅರ್ಧ ದಿನದ ಬೀದಿ ಎಂದು ಮಾಸ್ತರಿಗೆ ಹೇಳಿದೆ. ಅವರು, “ಹಾಗಾದರೆ ನೀವೇ ಮೊದಲು ವಾಪಸ್ ಬರ್ರಿ” ಎಂದರು. ನಾನೂ ಹೊಸ ಬಡಾವಣೆಯಲ್ಲೇ ಇದ್ದೇನೆ.

ಸೋಮವಾರ, ಹಂಪಿ ಮತ್ತು ಮರಳಿ ಊರಿಗೆ

ಕಡೇಬಾಗಿಲಿನ ಸೇತುವೆ ದಾಟಿ ಬುಕ್ಕಸಾಗರದ ಮೂಲಕ ಹಂಪಿಗೆ ಹೋದೆವು. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದು, ಅದಕ್ಕೂ ಮೊದಲು ಬಳ್ಳಾರಿ ಜಿಲ್ಲೆಯದು. ನಾವು ಗುಡಿ ನೋಡಲು ಬಂದವರಲ್ಲ, ವಿರೂಪಾಕ್ಷನ ಮುಂದಿನ ತೇರು ಬೀದಿಯನ್ನು ನೋಡಲು ಬಂದವರು. ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಆ ಬಾಜಾರದ ಎರಡೂ ಬದಿಯ ಸಾಲುಮಂಟಪಗಳಲ್ಲಿ ಅಂಗಡಿ, ಊಟದ ಮನೆ, ಸಂಸಾರಗಳು ಇದ್ದದ್ದನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೆ. ಸ್ಮಾರಕಗಳ ರಕ್ಷಣೆಯ ಕಾರಣಕ್ಕೆ 2011ರ ಜುಲೈನಲ್ಲಿ ಅವರನ್ನೆಲ್ಲ ತೆರವುಗೊಳಿಸಲಾಯಿತು, ಮುಂದೆ ಕಡ್ಡಿರಾಂಪುರದ ಬಳಿ ಪುನರ್ವಸತಿಯ ಜಾಗ ಕೊಡಲಾಯಿತು. ಕಲ್ಲುಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಮೊಳೆ ಹೊಡೆದು ಬೋರ್ಡು ತೂಗುಹಾಕುವುದನ್ನು ಯಾರೂ ಸಮರ್ಥಿಸಲಾರರು. ಆದರೆ ತಿದ್ದುವುದಕ್ಕೂ ತೆರವು ಮಾಡುವುದಕ್ಕೂ ನಡುವೆ ಇದ್ದ ದಾರಿಯನ್ನು ಅಂದು ಯಾರೂ ಹುಡುಕಲಿಲ್ಲ ಎಂಬುದು ನನ್ನ ಅಭಿಪ್ರಾಯ. ಈಗ ಮಂಟಪಗಳು ಕಾಣುತ್ತವೆ, ಪೇಟೆ ಕಾಣುವುದಿಲ್ಲ. ಎಳನೀರು ಮಾರುತ್ತಿದ್ದವನೊಬ್ಬ, ತನ್ನ ಅಜ್ಜನ ಅಂಗಡಿ ಇದ್ದ ಮಂಟಪದ ಕಡೆ ಕತ್ತಿಯಿಂದಲೇ ತೋರಿಸಿದ. ಅಲ್ಲಿ ಎರಡು ನಾಯಿಗಳು ಮಲಗಿದ್ದವು. ಬಾಜಾರವೆಂದರೆ ಕಟ್ಟಡ ಎಂದುಕೊಂಡಿದ್ದ ನಮ್ಮ ಸಾವಕಾರರು ಆ ಬೀದಿಯ ಉದ್ದಕ್ಕೂ ನಡೆದು ಹೋಗಿ ಬಂದರು, ಏನೂ ಮಾತಾಡಲಿಲ್ಲ.

ಜೀಪಿನಲ್ಲಿ ಸಿಂಧನೂರಿನವರೆಗೆ ವಾದವೇ ವಾದ. ಮಾಸ್ತರು ಸರಕಾರಕ್ಕೆ ಬರೆಯಬೇಕು, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯಿಂದ ಅನುದಾನ ಕೇಳಬೇಕು ಎಂದರು. ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂದ ಮೇಲೆ ಇಲ್ಲಿಗೆ ಹಣವಿದೆ ಎಂಬುದು ಅವರ ಆಧಾರ. ಅಕ್ಕ, ಹಣ ಬಂದರೆ ಫರಸಿ ಬರುತ್ತದೆ, ಫರಸಿಯ ಮೇಲೆ ಕೂಡುವವರು ಯಾರೆಂದು ಮೊದಲು ಗೊತ್ತಾಗಲಿ ಎಂದಳು. ನಾನು ಅಕ್ಕನ ಕಡೆಗೆ ಇದ್ದೆ.

ಮುಂದಿನ ವಾರ ಚಾವಡಿಯಲ್ಲಿ ಸಭೆ ಕೂಡಿತು. ನೋಡಿದ್ದನ್ನೆಲ್ಲ ಹೇಳಿದೆವು. ಗಂಡಸರು ಕೂತಿದ್ದ ಕಡೆಯಿಂದ, ನಿಮ್ಮ ಆನೆಗೊಂದಿಯ ಬುಟ್ಟಿ ನಮ್ಮೂರಲ್ಲಿ ಯಾರು ಕೊಳ್ಳುತ್ತಾರೆ ಎಂಬ ಕುಚೋದ್ಯದ ಮಾತು ಬಂತು. ಬುಟ್ಟಿಯ ಮಾತಲ್ಲ ಇದು, ಬಸ್ಸಿನ ಟಿಕೆಟ್ ಈಗ ಹೆಣ್ಣುಮಕ್ಕಳಿಗೆ ಉಚಿತವಾದ್ದರಿಂದ ಹಳ್ಳಿಯ ಹೆಂಗಸರು ಸಂತೆಗೆ ಮೊದಲಿಗಿಂತ ಹೆಚ್ಚು ಬರುತ್ತಿದ್ದಾರೆ, ಅವರು ಹಳೇ ಪ್ಯಾಟಿಗೆ ಬರಬೇಕಾದರೆ ಕುಡಿಯುವ ನೀರು, ಬಾಗಿಲಿರುವ ಒಂದು ಶೌಚಾಲಯ, ನೆರಳು ಬೇಕು ಎಂದು ಅಕ್ಕ ನಿಂತೇ ಹೇಳಿದಳು. ಶೌಚಾಲಯಕ್ಕೆ ಜಾಗ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಬರಲಿಲ್ಲ. ಕೊನೆಗೆ ಕೀಲಿ ಹಾಕಿದ್ದ ಒಂದು ಅಂಗಡಿಯವರು, ಬಾಡಿಗೆ ಬೇಡ, ಆದರೆ ಅದನ್ನು ತೊಳೆಯುವವರ ಸಂಬಳವನ್ನು ಬೀದಿಯ ಎಲ್ಲ ಅಂಗಡಿಗಳೂ ಸಮನಾಗಿ ಕೊಡಬೇಕು, ಅದೂ ಮುಂಗಡವಾಗಿ, ಎಂದರು. ಕೆಲವರು ಒಪ್ಪಿದರು, ಕೆಲವರು ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದರು. ಕಿನ್ನಾಳದ ಮೂರು ಪ್ರಶ್ನೆಗಳನ್ನು ಮಾಸ್ತರು ಇನ್ನೊಮ್ಮೆ ಓದಿದರು; ಉಸ್ತುವಾರಿ ಸರದಿಯ ಮೇಲೆ ತಿಂಗಳಿಗೊಬ್ಬರದು ಎಂದು ಬರೆದುಕೊಂಡರು. ವ್ಯಾಪಾರ ಸಮಿತಿ ರಚಿಸಿ ಎಂಬ ಅರ್ಜಿಯನ್ನು ನನ್ನ ಅಂಗಡಿಯಲ್ಲೇ ಟೈಪು ಮಾಡಿ, ಕಾಯಿಪಲ್ಲೆಯವರ ಸಹಿ ಮತ್ತು ಹೆಬ್ಬೆಟ್ಟುಗಳನ್ನು ತೆಗೆದುಕೊಂಡಿದ್ದೇವೆ. ಸಾವಕಾರರು ತಮ್ಮ ಕಟ್ಟೆಯ ಸರಳನ್ನು ಇನ್ನೂ ತೆಗೆಸಿಲ್ಲ, ವೆಲ್ಡಿಂಗಿನವ ಹಬ್ಬ ಆದ ಮೇಲೆ ಬರುತ್ತಾನಂತೆ. ಸಂಬಳದ ಮೊದಲ ಕಂತಿಗೆ ಇದುವರೆಗೆ ಬಂದ ಹಣ ಅಕ್ಕನ ಸಂಘದ ಲೆಕ್ಕದ ವಹಿಯಲ್ಲಿ ಬೇರೆ ಪುಟದಲ್ಲಿ ಜಮಾ ಇದೆ. ಬಾಕಿ ಕೊಡಬೇಕಾದವರ ಹೆಸರುಗಳೂ ಅದೇ ಪುಟದಲ್ಲಿವೆ.